ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಪರೀಕ್ಷೆಗೆ ಮೂರು ವಾರವಿದೆ: ಯಾರಿಗೆ, ಏನೆಂದು ಅರ್ಜಿ ಬರೆಯಬೇಕು?

ಪ್ರಶ್ನೆ: ರೋಣ ತಾಲ್ಲೂಕಿನ ವಿದ್ಯಾರ್ಥಿನಿ

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿಯವಳು; ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಎಂ.ಎ. ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ಕಡಲೆ ಬಿತ್ತನೆಯ ಹೊತ್ತಿನಲ್ಲಿ ಹೊಲದಲ್ಲಿಯೇ ಅಪ್ಪನಿಗೆ ಲಕ್ವಾ ಹೊಡೆಯಿತು. ಮೊದಲು ಗದಗಿಗೆ, ಅಲ್ಲಿಂದ ಹುಬ್ಬಳ್ಳಿಯ ಕಿಮ್ಸ್‌ಗೆ ಕರೆತಂದೆವು. ಬಲಗೈ, ಬಲಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ, ಮಾತು ತೊದಲುತ್ತದೆ. ಅವ್ವ ದನಗಳನ್ನು ಬಿಟ್ಟು ಬರುವಂತಿಲ್ಲ, ತಮ್ಮ ಈ ವರ್ಷ ಎಸ್ಸೆಸ್ಸೆಲ್ಸಿ. ಹೀಗಾಗಿ ಇಪ್ಪತ್ಮೂರು ದಿನಗಳಿಂದ ಹಗಲೆಲ್ಲ ವಾರ್ಡಿನಲ್ಲಿ ಅಪ್ಪನ ಬಳಿ ಇರುವವಳು ನಾನೊಬ್ಬಳೇ. ರಾತ್ರಿಗೆ ಕಾಕಾ ಬರುತ್ತಾರೆ, ಆಗ ನಾನು ಚಿಗರಿ ಬಸ್ಸು ಹಿಡಿದು ಹಾಸ್ಟೆಲ್ಲಿಗೆ ಮರಳುತ್ತೇನೆ. ಎರಡು ತಾಸಿಗೊಮ್ಮೆ ಅಪ್ಪನ ಮಗ್ಗುಲು ಬದಲಿಸಬೇಕು, ಗಂಜಿಯನ್ನು ಚಮಚೆಯಲ್ಲಿ ನಿಧಾನವಾಗಿ ಕುಡಿಸಬೇಕು. ಯಾವಾಗ ಏನು ಮಾಡಿದೆನೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಅದು ನನ್ನ ಭಾಷಾವಿಜ್ಞಾನದ ನೋಟ್‌ಬುಕ್ಕು. ಮುಂದಿನ ಪುಟಗಳಲ್ಲಿ ಪಾಠ, ಹಿಂದಿನ ಪುಟಗಳಲ್ಲಿ ಗುಳಿಗೆಯ ಹೊತ್ತು.

ಈ ನಡುವೆ ಎರಡನೇ ಆಂತರಿಕ ಪರೀಕ್ಷೆಯಲ್ಲಿ ಮೂರು ಪೇಪರುಗಳು ತಪ್ಪಿಹೋದವು. ಎರಡು ನಿಬಂಧಗಳನ್ನು ಒಪ್ಪಿಸಿಲ್ಲ, ಒಂದು ಸೆಮಿನಾರ್ ಬಾಕಿ ಇದೆ. ಹಾಜರಾತಿ ಶೇ. 75ಕ್ಕಿಂತ ಕೆಳಗಿಳಿಯುವುದು ಖಚಿತ. ಸೆಮಿಸ್ಟರ್ ಪರೀಕ್ಷೆಗೆ ಇನ್ನು ಮೂರು ವಾರ ಉಳಿದಿದೆ. ಒಬ್ಬ ಸರ್ ಅವರಿಗೆ ಫೋನಿನಲ್ಲಿ ಹೇಳಿಕೊಂಡೆ. ಅವರು ಅಪ್ಪನ ಆರೋಗ್ಯವನ್ನು ಬಹಳ ಕಾಳಜಿಯಿಂದ ವಿಚಾರಿಸಿ, ಕೊನೆಗೆ "ನೋಡೋಣ" ಎಂದರು. ಅದನ್ನು ಹೇಗೆ ತಿಳಿದುಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

ನನ್ನ ಪರೀಕ್ಷೆಗಳನ್ನು ಮುಂದೂಡಿಸಿಕೊಳ್ಳಲು ಸಾಧ್ಯವಿದೆಯೇ? ಅರ್ಜಿಯನ್ನು ವಿಭಾಗಕ್ಕೆ ಕೊಡಬೇಕೋ, ವಿಶ್ವವಿದ್ಯಾಲಯಕ್ಕೆ ಕೊಡಬೇಕೋ? ಕಾಯಿಲೆ ಬಿದ್ದವಳು ನಾನಲ್ಲ, ನನ್ನ ಅಪ್ಪ. ಅದು ಕಾರಣವೆಂದು ಒಪ್ಪಿತವಾಗುತ್ತದೆಯೇ? ಹಾಸ್ಟೆಲ್ಲಿನ ಗೆಳತಿಯೊಬ್ಬಳು, ನಿನಗೇ ಟೈಫಾಯ್ಡ್ ಆಗಿತ್ತೆಂದು ಒಂದು ಎಂ.ಸಿ. (ವೈದ್ಯಕೀಯ ಪ್ರಮಾಣಪತ್ರ) ಮಾಡಿಸಿಬಿಡು, ಕೆಲಸ ಸಲೀಸಾಗುತ್ತದೆ ಎನ್ನುತ್ತಿದ್ದಾಳೆ. ಮನಸ್ಸು ಒಪ್ಪುತ್ತಿಲ್ಲ. ಇದುವರೆಗೆ ಯಾರ ಮುಂದೆಯೂ ಕೈಚಾಚಿ ಕೇಳಿದವಳಲ್ಲ, ಆದ್ದರಿಂದ ಕೇಳುವುದಕ್ಕೇ ಸಂಕೋಚವಾಗುತ್ತಿದೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ 1: ನಿವೃತ್ತ ಕಚೇರಿ ಅಧೀಕ್ಷಕ, ಧಾರವಾಡ

ತಂಗೀ, ನಿಮ್ಮ ತಂದೆಯವರು ಬೇಗ ಚೇತರಿಸಿಕೊಳ್ಳಲಿ. ನಾನು ಕಾಲೇಜು ಕಚೇರಿಗಳಲ್ಲಿಯೇ ಸೇವೆ ಮುಗಿಸಿದವನು. ಇಂಥ ಅರ್ಜಿಗಳನ್ನು ತೆಗೆದುಕೊಂಡಿದ್ದೇನೆ, ಮೇಲಿನವರ ಮುಂದಿಟ್ಟಿದ್ದೇನೆ, ತಿರಸ್ಕೃತವಾಗಿ ಬಂದಾಗ ಮಕ್ಕಳ ಮುಖವನ್ನೂ ನೋಡಿದ್ದೇನೆ. ಅರ್ಜಿ ತಿರಸ್ಕೃತವಾಗಲು ಬಹಳ ಸಲ ಕಾರಣ ಒಂದೇ ಆಗಿರುತ್ತಿತ್ತು: ಕೊಡಲು ಯಾರಿಗೂ ಅಧಿಕಾರವಿಲ್ಲದ್ದನ್ನು ಕೇಳಿರುತ್ತಿದ್ದರು, ಕೊಡಬಹುದಾದದ್ದನ್ನು ಕೇಳಿರುತ್ತಿರಲಿಲ್ಲ.

ನಿಮ್ಮ ಒಂದು ಪ್ರಶ್ನೆಯೊಳಗೆ ಬೇರೆ ಬೇರೆ ಬೇಡಿಕೆಗಳಿವೆ, ಅವು ಬೇರೆ ಬೇರೆಯವರ ಕೈಯಲ್ಲಿವೆ. ಸೆಮಿಸ್ಟರ್ ಲಿಖಿತ ಪರೀಕ್ಷೆಯ ವೇಳಾಪಟ್ಟಿಯನ್ನು ಮೌಲ್ಯಮಾಪನ ಕುಲಸಚಿವರ ಕಚೇರಿ ಹೊರಡಿಸುತ್ತದೆ. ಸಾವಿರಾರು ಜನರು ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆಗೆ ಬರೆಯುವ ಆ ಪರೀಕ್ಷೆ ಒಬ್ಬರ ಸಲುವಾಗಿ ಮುಂದೆ ಹೋಗುವುದಿಲ್ಲ. ಬರೆಯಲಾಗದಿದ್ದರೆ ಆ ಪೇಪರಿನ ಮುಂದೆ ಗೈರುಹಾಜರಿ ದಾಖಲಾಗುತ್ತದೆ, ಆ ಪೇಪರು ಮುಂದಿನ ಸಲ ನಡೆದಾಗ ಮತ್ತೆ ಶುಲ್ಕ ಕಟ್ಟಿ ಬರೆಯಬೇಕಾಗುತ್ತದೆ. ವಿದೇಶದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಒಬ್ಬ ವಿದ್ಯಾರ್ಥಿಗಾಗಿಯೇ ಪರೀಕ್ಷೆಯನ್ನು ಮುಂದೂಡುವ ಪದ್ಧತಿ ಇದೆ. ಅಲ್ಲಿ ಓದಿದವರು ಯಾರಾದರೂ ಹೇಳಿದ್ದನ್ನು ಕೇಳಿ ನಮ್ಮಲ್ಲಿಯೂ ಹಾಗೆಯೇ ಇರಬೇಕೆಂದು ಕಾಯುತ್ತ ಕೂರಬೇಡಿ. ನೀವು "ಪರೀಕ್ಷೆ ಮುಂದೂಡಬೇಕು" ಎಂದು ಬರೆದರೆ "ಅವಕಾಶವಿಲ್ಲ" ಎಂಬ ಷರಾ ಬೀಳುತ್ತದೆ, ಅದೇ ಕಾಗದದಲ್ಲಿ ಕೇಳಿದ್ದ ಉಳಿದೆಲ್ಲವೂ ಅದರೊಂದಿಗೇ ಫೈಲಿನಲ್ಲಿ ಮಲಗುತ್ತದೆ.

ಆಂತರಿಕ ಅಂಕಗಳ ಮಾತು ಬೇರೆ. ನಿಬಂಧ, ಸೆಮಿನಾರ್, ಟೆಸ್ಟ್ ಎಲ್ಲವೂ ಪಾಠ ಮಾಡುವವರ ಮತ್ತು ವಿಭಾಗದ ಮುಖ್ಯಸ್ಥರ ಕೈಯಲ್ಲಿರುತ್ತವೆ. ಆದರೆ ಆ ಕೈ ತೆರೆದಿರುವುದು ಅಂಕಗಳನ್ನು ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಏರಿಸುವ ದಿನದವರೆಗೆ ಮಾತ್ರ. ಒಮ್ಮೆ ಏರಿಸಿ ಅಂತಿಮಗೊಳಿಸಿದ ಮೇಲೆ ಅದನ್ನು ತೆರೆಸಲು ಪರೀಕ್ಷಾ ವಿಭಾಗಕ್ಕೆ ಪತ್ರ ಬರೆಯಬೇಕು, ವಿವರಣೆ ಕೊಡಬೇಕು; ಎಷ್ಟೇ ಒಳ್ಳೆಯ ಮನಸ್ಸಿನ ಅಧ್ಯಾಪಕರಾದರೂ ಅಲ್ಲಿ ಹಿಂಜರಿಯುತ್ತಾರೆ. ಆದ್ದರಿಂದ ನಿಬಂಧದ ಕೊನೆಯ ದಿನ ಯಾವುದೆಂದು ಕೇಳುವುದಕ್ಕಿಂತ ಮೊದಲು, ಅಂಕ ಏರಿಸುವ ಕೊನೆಯ ದಿನ ಯಾವುದೆಂದು ಕೇಳಿ. ನಿಮ್ಮ ಪಾಲಿಗೆ ನಿಜವಾದ ಗಡುವು ಅದೇ.

ಹಾಜರಾತಿ ಕೊರತೆಯವರ ಪಟ್ಟಿಯನ್ನು ವಿಭಾಗ ಅಥವಾ ಪ್ರಾಚಾರ್ಯರ ಕಚೇರಿ ಪರೀಕ್ಷೆಗೆ ಮುಂಚೆ ಕಳುಹಿಸುತ್ತದೆ. ಕೊರತೆಯನ್ನು ಎಷ್ಟರವರೆಗೆ, ಯಾವ ಕಾರಣಕ್ಕೆ ಮನ್ನಾ ಮಾಡಬಹುದೆಂಬುದು ನಿಮ್ಮ ಕೋರ್ಸಿನ ನಿಯಮಾವಳಿಯಲ್ಲಿಯೇ ಅಚ್ಚಾಗಿರುತ್ತದೆ. ನಿಮ್ಮ ಕಾಗದಪತ್ರಗಳು ಆ ಪಟ್ಟಿ ಹೊರಡುವುದಕ್ಕೆ ಮೊದಲೇ ಅಲ್ಲಿರಬೇಕು. ಪರೀಕ್ಷಾ ಅರ್ಜಿ ತುಂಬುವುದನ್ನು, ಶುಲ್ಕ ಕಟ್ಟುವುದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಬರೆಯುವುದೋ ಬಿಡುವುದೋ ಎಂಬ ತೀರ್ಮಾನ ಆಮೇಲಿನದು. ಅರ್ಜಿ ತುಂಬದವರಿಗೆ ಹಾಲ್ ಟಿಕೆಟ್ ಬರುವುದಿಲ್ಲ.

ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಬಳಿ ಉಳಿಯುವ ಪ್ರತಿಯ ಮೇಲೆ ಮುದ್ರೆ ಹೊಡೆಸಿಕೊಳ್ಳಿ. ನೇರಳೆ ಮಸಿಯ ಆ ಮುದ್ರೆಯೊಳಗೆ ಆವಕ ಸಂಖ್ಯೆ, ದಿನಾಂಕ, ಸಹಿ ಈ ಮೂರೂ ಇರಬೇಕು. ಸಂಖ್ಯೆ ಬರೆಯದೆ ಬರೀ ಮುದ್ರೆ ಒತ್ತಿ ಕೊಟ್ಟರೆ, ದಯವಿಟ್ಟು ಸಂಖ್ಯೆ ಬರೆದುಕೊಡಿ ಎಂದು ನಿಂತು ಕೇಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಅದು ಗುಮಾಸ್ತರ ಕೆಲಸ.

ಉತ್ತರ 2: ಸ್ನಾತಕೋತ್ತರ ಅಧ್ಯಾಪಕಿ, ಹಾವೇರಿ

ಮೇಲೆ ಹಿರಿಯರು ಹೇಳಿದ್ದೆಲ್ಲ ಸರಿಯಾಗಿದೆ. ಆದರೆ ಒಂದು ಮಾತನ್ನು ಅಧ್ಯಾಪಕರ ಕಡೆಯಿಂದ ಸೇರಿಸಬೇಕೆನಿಸುತ್ತದೆ. ಟಪಾಲಿಗೆ ಹೋಗುವ ಮೊದಲು ವಿಭಾಗದ ಮುಖ್ಯಸ್ಥರನ್ನು ಹತ್ತು ನಿಮಿಷ ಕಂಡು ಬನ್ನಿ. ಕಾಣದ ಮುಖದ ಅರ್ಜಿಯನ್ನು ಓದುವುದಕ್ಕೂ, ಎದುರಿಗೆ ಕುಳಿತು ಹೇಳಿದವಳ ಅರ್ಜಿಯನ್ನು ಓದುವುದಕ್ಕೂ ಬಹಳ ವ್ಯತ್ಯಾಸವಿದೆ. ಹಾಗಿರಬಾರದು ಎಂದು ನೀವು ಹೇಳಬಹುದು, ಆದರೆ ಹಾಗಿದೆ.

ನಿಮ್ಮ ಸರ್ "ನೋಡೋಣ" ಎಂದದ್ದು ನಿರಾಕರಣೆಯಲ್ಲ, ಒಪ್ಪಿಗೆಯೂ ಅಲ್ಲ. ನಾನೂ ಎಷ್ಟೋ ಸಲ ಹಾಗೆ ಹೇಳಿದ್ದೇನೆ. ಫೋನಿನಲ್ಲಿ ವಿದ್ಯಾರ್ಥಿಯ ದುಃಖವನ್ನು ಕೇಳಿದಾಗ ಮನಸ್ಸು ಕರಗುತ್ತದೆ, ಆದರೆ ಅವರು ನನ್ನಿಂದ ಏನನ್ನು ಬಯಸುತ್ತಿದ್ದಾರೆಂಬುದು ಸ್ಪಷ್ಟವಾಗಿರುವುದಿಲ್ಲ. ಸ್ವಲ್ಪ ಕಾಲಾವಕಾಶ ಕೊಡಿ ಎಂದರೆ ಎಷ್ಟು ಕೊಡಲಿ? ಅದರ ಬದಲು "ಎರಡು ನಿಬಂಧಗಳಲ್ಲಿ ಮೊದಲನೆಯದನ್ನು ಬರುವ ಸೋಮವಾರವೂ ಎರಡನೆಯದನ್ನು ಅದರ ಮರುವಾರವೂ ಒಪ್ಪಿಸುತ್ತೇನೆ, ತಪ್ಪಿಹೋದ ಟೆಸ್ಟನ್ನು ತಾವು ಹೇಳಿದ ಯಾವುದಾದರೂ ದಿನ ಮಧ್ಯಾಹ್ನದ ಮೇಲೆ ಬರೆಯುತ್ತೇನೆ" ಎಂದು ಹೇಳಿದರೆ ನಾನು ಆಗಲಿ ಎನ್ನುವುದಷ್ಟೇ ಉಳಿಯುತ್ತದೆ. ಅದನ್ನು ನನ್ನ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಮಾತಾಡಿ ಬಂದ ದಿನ ಸಂಜೆಯೇ, ತಾವು ಒಪ್ಪಿದ ಪ್ರಕಾರ ಇಂಥ ದಿನ ಒಪ್ಪಿಸುತ್ತೇನೆಂದು ಎರಡು ಸಾಲಿನ ಇಮೇಲ್ ಹಾಕಿಬಿಡಿ.

ಎಂ.ಸಿ. ವಿಷಯವನ್ನು ನಾನು ಬಿಟ್ಟುಕೊಡಲಾರೆ. ನಿಮ್ಮ ಮನಸ್ಸು ಒಪ್ಪದ್ದನ್ನು ಓದಿ ನನಗೆ ಸಮಾಧಾನವಾಯಿತು. ಇಲ್ಲದ ಜ್ವರಕ್ಕೆ ಬರೆಸಿದ ಕಾಗದವನ್ನು ಗುರುತಿಸುವುದು ನಮಗೆ ಕಷ್ಟವಲ್ಲ. ಒಂದೇ ಕ್ಲಿನಿಕ್ಕಿನ ಚೀಟಿಗಳು ಪ್ರತಿ ಸೆಮಿಸ್ಟರಿನಲ್ಲಿ ಬರುತ್ತಿರುತ್ತವೆ. ಅಂಥ ಕಾಗದಗಳನ್ನು ನೋಡಿ ನೋಡಿ ನಾವು ನಿಜವಾದ ಕಷ್ಟವನ್ನೂ ಅನುಮಾನಿಸುವಂತಾಗಿದೆ, ಇದು ನನ್ನ ವೃತ್ತಿಯಲ್ಲಿ ನನಗೆ ಬಹಳ ನೋವು ಕೊಟ್ಟಿರುವ ಸಂಗತಿ. ನಿಮ್ಮ ಬಳಿ ನಿಜವಾದ ದಾಖಲೆ ಇದೆ. ತಂದೆಯವರನ್ನು ದಾಖಲು ಮಾಡಿಕೊಂಡ ಕೇಸ್ ಶೀಟಿನ ಮೊದಲ ಪುಟ, ಮತ್ತು ವಾರ್ಡಿನ ವೈದ್ಯರಿಂದ "ಈ ರೋಗಿಯ ಆರೈಕೆಗೆ ಇವರ ಮಗಳು ಇಂಥ ದಿನದಿಂದ ಜೊತೆಗಿದ್ದಾರೆ" ಎಂಬ ನಾಲ್ಕು ಸಾಲಿನ ಪತ್ರ ಸಾಕು. ಎಂ.ಆರ್.ಐ. ವರದಿ, ಔಷಧಿ ಬಿಲ್ಲು ಯಾವುದೂ ನಮಗೆ ಬೇಕಿಲ್ಲ. ಮನೆಯ ದುಡ್ಡಿನ ಪರಿಸ್ಥಿತಿ, ಜಮೀನಿನ ವಿಚಾರ ಇವನ್ನೂ ಬರೆಯಬೇಕಾಗಿಲ್ಲ. ತಂದೆಯ ಕಾಯಿಲೆಯಿಂದಾಗಿ ವಿದ್ಯಾರ್ಥಿ ಬರಲಾಗಲಿಲ್ಲ ಎಂಬುದು ಯಾವ ಅಧ್ಯಾಪಕರಿಗೂ ಅರ್ಥವಾಗುವ ಕಾರಣ. ಅದು ಹೆಚ್ಚೋ ಕಡಿಮೆಯೋ ಎಂದು ನೀವೇ ತೂಗಿ ನೋಡಬೇಡಿ.

ಇನ್ನು ಬರೆಯುವ ಪರೀಕ್ಷೆಯ ಬಗ್ಗೆ. ಐದು ಪೇಪರುಗಳನ್ನು ಒಂದೇ ಗಂಟಾಗಿ ನೋಡಬೇಡಿ. ಕೈಗೆ ಹತ್ತುವ ಮೂರನ್ನು ಚೆನ್ನಾಗಿ ಓದಿ ಬರೆದು, ಎರಡನ್ನು ಮುಂದಿನ ಸಲಕ್ಕೆ ಉಳಿಸಿಕೊಳ್ಳುವುದು ಐದರಲ್ಲಿಯೂ ಅರೆಬರೆ ಬರೆಯುವುದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ಎರಡು ಸಂಗತಿಗಳನ್ನು ಮೊದಲೇ ತಿಳಿದುಕೊಳ್ಳಿ. ಮೂರನೇ ಸೆಮಿಸ್ಟರಿನ ಪೇಪರುಗಳು ಮತ್ತೆ ಆರು ತಿಂಗಳಿಗೆ ನಡೆಯುತ್ತವೆಯೋ, ವರ್ಷಕ್ಕೊಮ್ಮೆಯೋ ಎಂಬುದು ಒಂದು. ಒಂದೊಂದು ಕಡೆ ಒಂದೊಂದು ರೀತಿ ಇದೆ. ರ್‍ಯಾಂಕ್ ಮತ್ತು ಪದಕಗಳಿಗೆ ಸಾಮಾನ್ಯವಾಗಿ ಮೊದಲ ಯತ್ನದಲ್ಲಿಯೇ ಎಲ್ಲ ಪೇಪರು ಪಾಸಾಗಿರಬೇಕು ಎಂಬುದು ಇನ್ನೊಂದು. ನಿಮಗೆ ಆ ಆಸೆ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಪರೀಕ್ಷೆಯ ಬೆಳಿಗ್ಗೆಗಳಲ್ಲಿ ಕಾಕಾ ಅವರು ಮಧ್ಯಾಹ್ನದವರೆಗೆ ಉಳಿಯಬಲ್ಲರೇ ಎಂದು ಈಗಲೇ ಕೇಳಿ ನೋಡಿ. ಅರ್ಜಿಗಿಂತ ಮೊದಲು ಬಗೆಹರಿಯಬೇಕಾದದ್ದು ಅದು.

ಉತ್ತರ 3: ಹುಬ್ಬಳ್ಳಿಯ ಇಂಜಿನಿಯರ್

ಅಕ್ಕಾವ್ರೇ, ನಾನು ನಿಮಗಿಂತ ಬೇರೆ ಕೋರ್ಸಿನವನು, ಆದರೆ ನೀವು ಕೇಳಲು ಸಂಕೋಚಪಡುತ್ತಿದ್ದೇನೆ ಎಂದಿರಿ, ಅದಕ್ಕಾಗಿ ನನ್ನದನ್ನು ಹೇಳುತ್ತೇನೆ. ಆರನೇ ಸೆಮಿಸ್ಟರಿನ ಪರೀಕ್ಷೆಗೆ ಹನ್ನೊಂದು ದಿನ ಮೊದಲು ನನ್ನ ಅವ್ವ ತೀರಿಕೊಂಡಳು. ಊರಿಗೆ ಹೋದವನು ಯಾರಿಗೂ ಹೇಳಲಿಲ್ಲ. ದಿನಕರ್ಮ ಮುಗಿಸಿ ಬಂದು ಮೂರು ಪರೀಕ್ಷೆ ಬರೆದೆ, ಎರಡು ತಪ್ಪಿದ್ದವು. ನಾನು ಓದುತ್ತಿದ್ದುದು ಸ್ವಾಯತ್ತ ಕಾಲೇಜು, ಅಂದರೆ ಪರೀಕ್ಷೆಗಳನ್ನು ತಾನೇ ನಡೆಸುವ ಕಾಲೇಜು. ಇಂಥ ಕಾಲೇಜುಗಳಲ್ಲಿ ಹಾಜರಾತಿ ಮತ್ತು ಆಂತರಿಕ ಅಂಕಗಳು ಸರಿಯಾಗಿದ್ದು, ಅನಾರೋಗ್ಯ, ಅಪಘಾತ ಅಥವಾ ಮನೆಯಲ್ಲಿನ ಸಾವಿನಂಥ ಕಾರಣದಿಂದ ಸೆಮಿಸ್ಟರ್ ಪರೀಕ್ಷೆ ತಪ್ಪಿದರೆ "ಐ" ಎಂಬ ತಾತ್ಕಾಲಿಕ ದರ್ಜೆ ಕೊಟ್ಟು ಮೇಕಪ್ ಪರೀಕ್ಷೆಗೆ ಕೂರಿಸುವ ವ್ಯವಸ್ಥೆ ಇರುತ್ತದೆ. "ಐ" ಎಂದರೆ ಅಪೂರ್ಣ ಎಂದು, ನಪಾಸು ಎಂದಲ್ಲ. ನಾನು ಅದನ್ನು ತಿಳಿದದ್ದು ಫಲಿತಾಂಶದಲ್ಲಿ "ಎಫ್" ಬಂದ ಮೇಲೆ. ಮರಣ ಪ್ರಮಾಣಪತ್ರ ಹಿಡಿದುಕೊಂಡು ಪರೀಕ್ಷಾ ವಿಭಾಗಕ್ಕೆ ಹೋದೆ. ಅಲ್ಲಿದ್ದವರು ಕಾಗದವನ್ನು ಪೂರ್ತಿ ಓದಿದರು, ಮಡಚಿ ನನ್ನ ಕೈಗೇ ಕೊಟ್ಟು "ಮೊದಲೇ ತಿಳಿಸಬೇಕಿತ್ತು" ಎಂದರು. ನಿಯಮ ಪುಸ್ತಕ ಪ್ರವೇಶದ ದಿನವೇ ನನ್ನ ಕೈಗೆ ಬಂದಿತ್ತು, ಹಾಸ್ಟೆಲ್ಲಿನ ಟ್ರಂಕಿನಲ್ಲಿತ್ತು.

ಅವರು ಇನ್ನಷ್ಟು ಮನುಷ್ಯತ್ವ ತೋರಬಹುದಿತ್ತು ಎಂದು ಈಗಲೂ ಅನಿಸುತ್ತದೆ. ಆದರೂ ಒಂದು ಫೋನ್ ಮಾಡಿದ್ದರೆ, ಗೆಳೆಯನ ಕೈಯಿಂದ ಒಂದು ಚೀಟಿ ಕೊಡಿಸಿದ್ದರೆ ಆ ಎರಡು ಪೇಪರುಗಳು ನನ್ನ ಮುಂದಿನ ವರ್ಷದ ಕ್ಯಾಂಪಸ್ ಸಂದರ್ಶನಗಳಿಗೆ ಅಡ್ಡ ಬರುತ್ತಿರಲಿಲ್ಲ. ಆದ್ದರಿಂದ ಪರೀಕ್ಷೆ ಶುರುವಾಗುವ ಮೊದಲೇ ನಿಮ್ಮ ಪತ್ರ ಅಲ್ಲಿರಲಿ. ಇಮೇಲ್ ಆದರೆ ದಿನ, ಹೊತ್ತು ಎರಡೂ ತಾವಾಗಿಯೇ ದಾಖಲಾಗುತ್ತವೆ.

ಇಂಜಿನಿಯರಿಂಗ್‌ನವರು ಯಾರಾದರೂ ಇದನ್ನು ಓದುತ್ತಿದ್ದರೆ: ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮದಲ್ಲಿ ಹಾಜರಾತಿ ಶೇ. 85 ಇರಬೇಕು, ಅನಾರೋಗ್ಯದಂಥ ಸಕಾರಣಕ್ಕೆ ಶೇ. 10ರವರೆಗಿನ ಕೊರತೆಯನ್ನು ಮನ್ನಾ ಮಾಡಲು ಅವಕಾಶವಿದೆ. ಶೇ. 75ಕ್ಕಿಂತ ಕೆಳಗೆ ಹೋದರೆ ಬಹಳ ಕಷ್ಟ.

ಪ್ರತಿಕ್ರಿಯೆ: ಶಿಗ್ಗಾಂವಿಯ ಸಂಶೋಧಕಿ

ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಾನು ಪಿಎಚ್.ಡಿ. ಮಾಡುತ್ತಿದ್ದೇನೆ, ಈಗ ಐದು ತಿಂಗಳ ಗರ್ಭಿಣಿ. ಪ್ರಗತಿ ವರದಿ ಕೊಡುವುದಕ್ಕೂ ಪ್ರಬಂಧ ಒಪ್ಪಿಸುವುದಕ್ಕೂ ಹೆಚ್ಚಿನ ಕಾಲ ಸಿಗುತ್ತದೆಯೇ?

ಉತ್ತರ: ನಿವೃತ್ತ ಕಚೇರಿ ಅಧೀಕ್ಷಕ, ಧಾರವಾಡ

ತಂಗೀ, ಸಂಶೋಧನೆಯಲ್ಲಿ ನಿಯಮ ಸ್ಪಷ್ಟವಾಗಿದೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಹೆರಿಗೆ ಮತ್ತು ಶಿಶುಪಾಲನೆಗಾಗಿ ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಕೊಡಬಹುದು. ಗರಿಷ್ಠ ಅವಧಿ ಆರು ವರ್ಷ. ಮರುನೋಂದಣಿಯಿಂದ ಎರಡು ವರ್ಷ, ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯವಿರುವವರಿಗೆ ಅದರ ಮೇಲೆ ಇನ್ನೆರಡು ವರ್ಷ ಸಿಗಬಹುದು. ಮಾರ್ಗದರ್ಶಕರ ಶಿಫಾರಸಿನೊಂದಿಗೆ ರಜೆಗೆ ಮುಂಚೆಯೇ ಅರ್ಜಿ ಕೊಡಿ.

ಪ್ರಶ್ನೆ ಕೇಳಿದವರು: ರೋಣ ತಾಲ್ಲೂಕಿನ ವಿದ್ಯಾರ್ಥಿನಿ

ಎಲ್ಲರ ಮಾತನ್ನೂ ವಾರ್ಡಿನ ಹೊರಗೆ ಕುಳಿತು ಎರಡು ಸಲ ಓದಿದೆ. ಕಾಕಾ ಪರೀಕ್ಷೆಯ ದಿನಗಳಲ್ಲಿ ಮಧ್ಯಾಹ್ನ ಎರಡರವರೆಗೆ ಇರಲು ಒಪ್ಪಿದ್ದಾರೆ. ಅರ್ಜಿಯನ್ನು ಬರೆದಿದ್ದೇನೆ, ಅದರ ಮೊದಲ ಭಾಗ ಹೀಗಿದೆ, ತಪ್ಪಿದ್ದರೆ ತಿದ್ದಬೇಕು.

"ಮಾನ್ಯರೇ, ನಾನು ಬಡ ರೈತ ಕುಟುಂಬದಿಂದ ಬಂದವಳಾಗಿದ್ದು, ನನ್ನ ತಂದೆಯೇ ನಮ್ಮ ಮನೆಗೆ ಆಧಾರಸ್ತಂಭವಾಗಿದ್ದರು, ವಿಧಿಯ ಆಟದಿಂದ ಅವರು ಹಾಸಿಗೆ ಹಿಡಿದಿದ್ದು ನಮ್ಮ ಕುಟುಂಬಕ್ಕೆ ದಿಕ್ಕು ತೋಚದಂತಾಗಿದೆ, ಆದ ಕಾರಣ ದಯಾಳುಗಳಾದ ತಾವು ನನ್ನ ಮೇಲೆ ಕೃಪೆ ತೋರಿ ನನಗೆ ಎಲ್ಲ ರೀತಿಯ ಅನುಕೂಲ ಮಾಡಿಕೊಡಬೇಕೆಂದು ಕೈಮುಗಿದು ಬೇಡಿಕೊಳ್ಳುತ್ತೇನೆ."

ಉತ್ತರ: ನಿವೃತ್ತ ಕಚೇರಿ ಅಧೀಕ್ಷಕ, ಧಾರವಾಡ

ಬರೆದದ್ದರಲ್ಲಿ ಸುಳ್ಳೇನೂ ಇಲ್ಲ, ಆದರೆ ಇಷ್ಟುದ್ದ ಓದಿದರೂ ಮುಖ್ಯಸ್ಥರಿಗೆ ಯಾವುದಕ್ಕೆ ಸಹಿ ಹಾಕಬೇಕೆಂದು ತಿಳಿಯುವುದಿಲ್ಲ. "ಎಲ್ಲ ರೀತಿಯ ಅನುಕೂಲ" ಎಂಬುದಕ್ಕೆ ಕಚೇರಿಯಲ್ಲಿ ಟಿಪ್ಪಣಿ ಬರೆಯಲು ಬರುವುದಿಲ್ಲ. ಕೃಪೆಯ ಮಾತೂ ಬೇಡ. ನಿಯಮದಲ್ಲಿ ಇರುವುದನ್ನು ಕಾರಣಸಹಿತ ಕೇಳುತ್ತಿದ್ದೀರಿ. ನಾನು ಹೀಗೆ ಬರೆಯುತ್ತಿದ್ದೆ:

"ವಿಷಯ: ತಪ್ಪಿಹೋದ ಆಂತರಿಕ ಪರೀಕ್ಷೆ ಬರೆಯಲು, ನಿಬಂಧ ಒಪ್ಪಿಸಲು ಕಾಲಾವಕಾಶ ಮತ್ತು ಹಾಜರಾತಿ ಕೊರತೆಯ ಮನ್ನಾ ಕೋರಿ.

ಮಾನ್ಯರೇ, ನನ್ನ ತಂದೆಯವರು ಪಾರ್ಶ್ವವಾಯುವಿನಿಂದಾಗಿ ಇಂಥ ದಿನಾಂಕದಿಂದ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದಾರೆ. ಹಗಲಿನಲ್ಲಿ ಅವರ ಆರೈಕೆಗೆ ಬೇರೆ ಯಾರೂ ಇಲ್ಲದ ಕಾರಣ ನಾನು ಅಂದಿನಿಂದ ತರಗತಿಗಳಿಗೂ, ಎರಡನೇ ಆಂತರಿಕ ಪರೀಕ್ಷೆಯ ಮೂರು ಪತ್ರಿಕೆಗಳಿಗೂ ಹಾಜರಾಗಲು ಸಾಧ್ಯವಾಗಿಲ್ಲ. ಆದ್ದರಿಂದ ಸದರಿ ಮೂರು ಪತ್ರಿಕೆಗಳನ್ನು ತಾವು ಗೊತ್ತುಪಡಿಸಿದ ದಿನ ಬರೆಯಲು ಅನುಮತಿಸಬೇಕೆಂದೂ, ಬಾಕಿ ಇರುವ ಎರಡು ನಿಬಂಧಗಳನ್ನು ಇಂಥ ಮತ್ತು ಇಂಥ ದಿನಾಂಕಗಳಂದು ಸ್ವೀಕರಿಸಬೇಕೆಂದೂ, ಸೆಮಿನಾರನ್ನು ಎರಡನೇ ನಿಬಂಧದ ದಿನವೇ ಮಂಡಿಸಲು ಅವಕಾಶ ಕೊಡಬೇಕೆಂದೂ, ಹಾಜರಾತಿಯಲ್ಲಿನ ಕೊರತೆಯನ್ನು ನಿಯಮಾನುಸಾರ ಮನ್ನಾ ಮಾಡಲು ಶಿಫಾರಸು ಮಾಡಬೇಕೆಂದೂ ವಿನಂತಿಸುತ್ತೇನೆ. ವೈದ್ಯರ ಪತ್ರ ಮತ್ತು ದಾಖಲಾತಿ ಪುಟದ ಪ್ರತಿಗಳನ್ನು ಲಗತ್ತಿಸಿದ್ದೇನೆ."

ಕೆಳಗೆ ಹೆಸರು, ನೋಂದಣಿ ಸಂಖ್ಯೆ, ಫೋನ್ ನಂಬರು. ದಿನಾಂಕದ ಜಾಗದಲ್ಲಿ ನಿಜವಾಗಿ ಮುಗಿಸಬಲ್ಲ ದಿನವನ್ನೇ ಹಾಕಿ. ಒಮ್ಮೆ ಕೊಟ್ಟ ಗಡುವನ್ನು ಎರಡನೇ ಸಲ ಕೇಳುವುದು ಕಷ್ಟ. ಒಂದು ವಾರದೊಳಗೆ ಉತ್ತರ ಬರದಿದ್ದರೆ ಆವಕ ಸಂಖ್ಯೆಯನ್ನು ಉಲ್ಲೇಖಿಸಿ ನೆನಪೋಲೆ ಬರೆಯಿರಿ. ಅದಕ್ಕೂ ಸ್ಪಂದಿಸದಿದ್ದರೆ, ಯುಜಿಸಿಯ 2023ರ ನಿಯಮಾವಳಿಯಂತೆ ಪ್ರತಿ ಸಂಸ್ಥೆಯಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕೆಂಬ ಅಪೇಕ್ಷೆ ಇದೆ, ಅದರ ಮೇಲೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಇರುತ್ತಾರೆ. ನಿಮ್ಮ ವಿಷಯ ಅಲ್ಲಿಯವರೆಗೆ ಹೋಗಲಾರದೆಂದು ನನ್ನ ನಂಬಿಕೆ. ಆದರೂ ತಿಳಿದಿರಲಿ.

ಉತ್ತರ 4: ಧಾರವಾಡದ ಒಬ್ಬ ಹಳೆಯ ವಿದ್ಯಾರ್ಥಿ

ಸೋದರಿ, ಅರ್ಜಿಯ ಬಗ್ಗೆ ಎಲ್ಲರೂ ಹೇಳಿದ್ದಾರೆ. ನಾನು ಬರೆಯುತ್ತಿರುವುದು ನೀವು ಕೇಳದ ವಿಷಯ. ಎಂ.ಎಸ್ಸಿ. ಓದುವಾಗ ನನಗೆ ನಾಲ್ಕು ತಿಂಗಳು ನಿದ್ದೆ ಹತ್ತುತ್ತಿರಲಿಲ್ಲ, ಪುಸ್ತಕ ತೆರೆದರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ಮನೆಯಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ, ತೋರಿಸಲು ಕಾರಣವೂ ಇರಲಿಲ್ಲ, ಆದ್ದರಿಂದ ಗಡುವು ಕೇಳುವ ಧೈರ್ಯವಾಗಲಿಲ್ಲ. ಕೊನೆಗೆ ಅಣ್ಣ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಹೋದ. ಅಲ್ಲಿ ಚಿಕಿತ್ಸೆಯೂ ಸಿಕ್ಕಿತು, ವಿಭಾಗಕ್ಕೆ ಕೊಡಲು ಪತ್ರವೂ ಸಿಕ್ಕಿತು. ಆ ಪತ್ರದಲ್ಲಿ ಕಾಯಿಲೆಯ ಹೆಸರಿರಲಿಲ್ಲ. ಚಿಕಿತ್ಸೆಯಲ್ಲಿದ್ದಾರೆ, ಆರು ವಾರ ವಿಶ್ರಾಂತಿ ಬೇಕು ಎಂದಷ್ಟೇ ಇತ್ತು. ಹಾಗೆ ಬರೆದುಕೊಡಿ ಎಂದು ನಾನೇ ಕೇಳಿಕೊಂಡಿದ್ದೆ. ಮಾನಸಿಕ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡಬೇಕೆಂಬುದು ರೋಗಿಯ ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿಯೇ ಇದೆ. ನನ್ನ ಮುಖ್ಯಸ್ಥರು ಮರುಪ್ರಶ್ನೆ ಕೇಳದೆ ಪ್ರಾಜೆಕ್ಟ್ ವರದಿಗೆ ತಿಂಗಳ ಕಾಲಾವಕಾಶ ಕೊಟ್ಟರು.

ನಿಮಗೆ ಹಾಗೆ ಆಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಇಪ್ಪತ್ತಕ್ಕೂ ಹೆಚ್ಚು ದಿನ ಹಗಲೆಲ್ಲ ರೋಗಿಯ ಬಳಿ, ರಾತ್ರಿ ಪುಸ್ತಕದ ಬಳಿ ಇರುವವರ ಮನಸ್ಸು ಎಷ್ಟು ದಣಿಯುತ್ತದೆಂದು ಬಲ್ಲೆ. ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಇದೆ, ಸಂಖ್ಯೆ 14416. ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಈ ಸಂಖ್ಯೆಯನ್ನು ನಿಮ್ಮ ಆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು: ರೋಣ ತಾಲ್ಲೂಕಿನ ವಿದ್ಯಾರ್ಥಿನಿ

ನಿನ್ನೆ ಹೋಗಿ ಬಂದೆ. ವಾರ್ಡಿನ ವೈದ್ಯರು ಮುಂಜಾನೆಯ ರೌಂಡ್ಸ್ ಮುಗಿದ ಮೇಲೆ ಲೆಟರ್‌ಹೆಡ್ಡಿನ ಮೇಲೆ ಬರೆದುಕೊಟ್ಟರು. ಕೇಳಿದರೆ ಏನನ್ನುತ್ತಾರೋ ಎಂದು ಮೂರು ದಿನ ಹೆದರಿದ್ದೆ, ಬರೆಯಲು ಅವರಿಗೆ ಮೂರು ನಿಮಿಷವೂ ಬೇಕಾಗಲಿಲ್ಲ. ವಿಭಾಗದ ಮುಖ್ಯಸ್ಥರು ಅರ್ಜಿಯನ್ನು ನಿಂತುಕೊಂಡೇ ಓದಿದರು. ಆಂತರಿಕ ಅಂಕಗಳನ್ನು ಏರಿಸಲು ಇನ್ನೂ ಹದಿಮೂರು ದಿನಗಳಿವೆಯೆಂದೂ, ಅಷ್ಟರೊಳಗೆ ಮೂರು ಟೆಸ್ಟುಗಳನ್ನು ಒಂದೇ ದಿನ ಮಧ್ಯಾಹ್ನದ ಮೇಲೆ ಬರೆಯಬೇಕೆಂದೂ ಹೇಳಿದರು. ನಿಬಂಧಗಳಿಗೆ ನಾನು ಕೇಳಿದ ದಿನಗಳನ್ನೇ ಒಪ್ಪಿದರು. ಸೆಮಿನಾರಿಗೆ ಮಾತ್ರ ಬಿಡಲಿಲ್ಲ, ಬರುವ ಶುಕ್ರವಾರವೇ ಮಂಡಿಸಬೇಕು. ಹಾಜರಾತಿಯ ವಿಷಯವನ್ನು ಶಿಫಾರಸಿನೊಂದಿಗೆ ಮೇಲೆ ಕಳುಹಿಸುತ್ತೇನೆ, ತೀರ್ಮಾನ ತಮ್ಮ ಕೈಯಲ್ಲಿಲ್ಲ ಎಂದರು. ಅದಿನ್ನೂ ಬಾಕಿ ಇದೆ. ಪರೀಕ್ಷಾ ಶುಲ್ಕ ಕಟ್ಟಿದ್ದೇನೆ. ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿ, ನಾಲ್ಕು ಪೇಪರು ಬರೆದು ಭಾಷಾವಿಜ್ಞಾನವನ್ನು ಮುಂದಿನ ಸಲಕ್ಕೆ ಬಿಡುವುದೆಂದು ಸದ್ಯಕ್ಕೆ ಅಂದುಕೊಂಡಿದ್ದೇನೆ.

ಟಪಾಲಿನವರು ಮುದ್ರೆಯನ್ನಷ್ಟೇ ಒತ್ತಿ ಕೊಟ್ಟಿದ್ದರು. ಸರ್ ಹೇಳಿದ್ದು ನೆನಪಾಗಿ ಸಂಖ್ಯೆ ಬರೆದುಕೊಡಿ ಎಂದು ಕೇಳಿದೆ. ರಿಜಿಸ್ಟರ್ ತೆಗೆದು, ನೋಡಿ, ಬರೆದುಕೊಟ್ಟರು. ಆ ಪ್ರತಿಯನ್ನು ಅಪ್ಪನ ಕೇಸ್ ಶೀಟಿನ ಚೀಲದಲ್ಲಿಯೇ ಇಟ್ಟಿದ್ದೇನೆ. ಸಂಜೆ ಅಪ್ಪನಿಗೆ ಹೇಳಿದಾಗ ಎಡಗೈಯಿಂದ ನನ್ನ ಕೈ ಹಿಡಿದು "ಬರೀ" ಎಂದರು. ಅಷ್ಟು ಸ್ಪಷ್ಟವಾಗಿ ಅವರು ಮಾತಾಡಿದ್ದು ಈ ತಿಂಗಳಲ್ಲಿ ಅದೇ ಮೊದಲು.